ಹತ್ತಿರದ ದಾರಿ ಯಾವುದು? ಸೈಕಲ್ ದಾರಿಗಳ ಮೂಲಕ ನಕ್ಷೆ ಓದುವ ಪಾಠ

ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾವು ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣಾ ನಮೂನೆ ತುಂಬುತ್ತೇವೆ. ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ ಎಂದು ಒಂದೊಂದಕ್ಕೂ ಅಂಕ ಕೊಡುತ್ತೇವೆ. ಕಲಿತ ಮಗುವಿನ ಉತ್ತರ ಸರಿಯೋ ತಪ್ಪೋ ಎಂಬುದನ್ನು ಪರೀಕ್ಷಿಸುವ ಕಾಲಂ ಆ ನಮೂನೆಯಲ್ಲಿಲ್ಲ. ಆ ಕೊರತೆ ನನಗೆ ಅರ್ಥವಾದದ್ದು ರಾಮನಗರ ಸೀಮೆಯ ಒಂದು ಪ್ರೌಢಶಾಲೆಯಲ್ಲಿ, 9ನೇ ತರಗತಿಯ ನಕ್ಷಾ ಪಾಠವೊಂದರಲ್ಲಿ. ಅಲ್ಲಿ ಆದ ತಪ್ಪು, ಅದನ್ನು ತಿದ್ದಲು ರೂಪಿಸಿದ ಪಾಠ ಎರಡನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲ ಪಾಠದಲ್ಲಿ ನಡೆದದ್ದು

ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ಸಿದ್ಧರಾಗಿ ಬಂದಿದ್ದರು. ಊರಿನ ಸುತ್ತಲಿನ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಬರೆದು, ಒಂದು ಹಳ್ಳಿಯಿಂದ ಶಾಲೆಗೆ ಎರಡು ದಾರಿ ಗುರುತಿಸಿದ್ದರು. ಮೊದಲನೆಯದು ಗುಡ್ಡದ ಏಣು ಹತ್ತಿ ಹಳ್ಳ ದಾಟಿ ಬರುವ 3 ಕಿ.ಮೀ. ಗರಸು ದಾರಿ. ಎರಡನೆಯದು ಕೆರೆ ಏರಿಯ ಮೇಲೆ ಸುತ್ತಿ ಬರುವ 5.5 ಕಿ.ಮೀ. ದಾರಿ. ‘ಇವೆರಡರಲ್ಲಿ ಹತ್ತಿರದ ದಾರಿ ಯಾವುದು?’ ಎಂಬುದು ಮೌಲ್ಯಮಾಪನದ ಪ್ರಶ್ನೆ. ಆ ಹಳ್ಳಿಯಿಂದಲೇ ಸೈಕಲ್ಲಿನಲ್ಲಿ ಬರುವ ಹುಡುಗಿಯೊಬ್ಬಳು ‘ಕೆರೆ ಏರಿ ದಾರಿ’ ಎಂದು ಬರೆದಳು. ಪ್ರಶಿಕ್ಷಣಾರ್ಥಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಪಾಠಕ್ಕೆ ನಾನು ‘ಉತ್ತಮ’ ಎಂದು ಬರೆದೆ.

ಬಿಡುವಿನಲ್ಲಿ ಆ ಹುಡುಗಿಯನ್ನು ಕರೆದು, ಯಾಕೆ ಹಾಗೆ ಬರೆದೆ ಎಂದು ಕೇಳಿದೆವು. ‘ಗುಡ್ಡದ ಕಡೆ ಅರ್ಧ ದಾರಿ ಸೈಕಲ್ ತಳ್ಕೊಂಡೇ ಬರ್ಬೇಕು ಮಿಸ್. ಮಳೆ ಬಂದ್ರೆ ಹಳ್ಳ ದಾಟಕ್ಕಾಗಲ್ಲ. ಏರಿ ಮೇಲೆ ಜನ ಓಡಾಡ್ತಿರ್ತಾರೆ’ ಎಂದಳು. ಪಕ್ಕದಲ್ಲಿದ್ದ ಹುಡುಗ, ‘ಆನೆ ಬಂದೈತೆ ಅಂದ್ರೆ ನಮ್ಮಪ್ಪ ಅತ್ಲಾಗೆ ಹೋಗ್ಲೇಬೇಡ ಅಂತದೆ’ ಎಂದು ಸೇರಿಸಿದ. ಮೂರು ವಾಕ್ಯದಲ್ಲಿ ಆಕೆ ಇಳಿಜಾರು, ನೆಲ, ನೀರು, ಜನವಸತಿ ನಾಲ್ಕನ್ನೂ ಹೇಳಿ ಮುಗಿಸಿದ್ದಳು. ನಾವು ಕೇಳಿದ್ದು ಉದ್ದವನ್ನು ಮಾತ್ರ, ಆಕೆ ಉತ್ತರಿಸಿದ್ದು ದಾರಿಯ ಬಗ್ಗೆ. ನಮ್ಮ ಪ್ರಶ್ನೆಯೇ ತಪ್ಪಾಗಿತ್ತು.

ಸೈಕಲ್ ದಾರಿಯನ್ನು ಪಾಠದ ವಸ್ತುವಾಗಿ ಏಕೆ ಆರಿಸಬೇಕು?

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆಯಿಂದ ಪ್ರೌಢಶಾಲೆಯ ಮಕ್ಕಳಿಗೂ ಸೈಕಲ್ಲಿಗೂ ನಂಟು ಬೆಳೆಯಿತು. ಈಗ ನಗರದ ಹವ್ಯಾಸಿಗಳೂ ಮಣ್ಣು ರಸ್ತೆಗಳನ್ನು ಹುಡುಕಿಕೊಂಡು ಬರುತ್ತಿದ್ದಾರೆ. ‘ಗ್ರ್ಯಾವೆಲ್ ಸೈಕ್ಲಿಂಗ್’ ಎಂದು ಕರೆಯುವ ಈ ಹವ್ಯಾಸ ಅಮೆರಿಕದ ಕ್ಯಾನ್ಸಾಸ್ ಪ್ರಾಂತ್ಯದ ಗುಡ್ಡಗಾಡಿನಲ್ಲಿ 2006ರಿಂದ ನಡೆಯುವ ಜಲ್ಲಿ ರಸ್ತೆಯ ಓಟದಂಥವುಗಳಿಂದ ಹೆಸರಾಯಿತು. 2022ರಲ್ಲಿ ಇಟಲಿಯಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಅಗಲ ಟೈರು, ಹಲವು ಗೇರು, ಬಾಗಿದ ಹ್ಯಾಂಡಲ್ ಇರುವ ಸೈಕಲ್ ಅವರದು. ನಮ್ಮ ಮಕ್ಕಳು ಗೇರಿಲ್ಲದ ಸೈಕಲ್ಲಿನಲ್ಲಿ, ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡು, ಅದೇ ಬಗೆಯ ರಸ್ತೆಯಲ್ಲಿ ದಿನವೂ ಓಡಾಡುತ್ತಾರೆ. ಯಾರೂ ಅದನ್ನು ಕ್ರೀಡೆ ಎಂದು ಕರೆಯುವುದಿಲ್ಲ. ಆದರೆ ಆ ಅನುಭವ ಭೂಗೋಳ, ಗಣಿತ, ವಿಜ್ಞಾನ ಮೂರಕ್ಕೂ ಸಿದ್ಧ ಸಾಮಗ್ರಿ.

ಶಿಕ್ಷಕರಿಗೆ ಬೇಕಾದ ವಿಷಯ ಜ್ಞಾನ

ರಾಮನಗರದ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನವು. ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ. ಅದರಿಂದಲೇ ಭೂವಿಜ್ಞಾನಿಗಳು ಈ ಶಿಲೆಗೆ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಹೆಸರಿಟ್ಟಿದ್ದಾರೆ. ಉತ್ತರ–ದಕ್ಷಿಣವಾಗಿ ಸುಮಾರು 400 ಕಿ.ಮೀ. ಹಬ್ಬಿರುವ ಈ ಶಿಲಾ ಪಟ್ಟಿಯೇ ನಮ್ಮ ರಸ್ತೆಗಳ ಗುಣವನ್ನು ತೀರ್ಮಾನಿಸುತ್ತದೆ.

ಗ್ರಾನೈಟ್ ಶಿಥಿಲವಾದಾಗ ಅದರಲ್ಲಿರುವ ಬೆಣಚು ಹರಳುಗಳು ಹಾಗೇ ಉಳಿಯುತ್ತವೆ, ಫೆಲ್ಡ್‌ಸ್ಪಾರ್ ಮಾತ್ರ ಜೇಡಿಯಾಗುತ್ತದೆ. ಮಳೆ ನೀರು ಹಗುರವಾದ ಜೇಡಿಯನ್ನು ಕೆಳಕ್ಕೆ ಒಯ್ದು ಕಣಿವೆಯಲ್ಲಿ ಬಿಡುತ್ತದೆ, ಒರಟು ಹರಳು ಇಳಿಜಾರಿನಲ್ಲೇ ಉಳಿಯುತ್ತದೆ. ಹಾಗಾಗಿ ಮೇಲೆ ಗರಸು, ಕೆಳಗೆ ಅಂಟುಮಣ್ಣು. ಗರಸಿನಲ್ಲಿ ನೀರು ಬೇಗ ಇಂಗುತ್ತದೆ, ಆದರೆ ಒಣಗಿದಾಗ ಚಕ್ರ ಜಾರುತ್ತದೆ. ಕಣಿವೆಯ ಮಣ್ಣು ಬೇಸಿಗೆಯಲ್ಲಿ ಟಾರಿನಷ್ಟೇ ಗಟ್ಟಿ, ಮಳೆ ಬಿದ್ದರೆ ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವೇ ತಿರುಗದು. ಮಕ್ಕಳಿಗೆ ಇದು ಗೊತ್ತು, ಕಾರಣ ಮಾತ್ರ ಗೊತ್ತಿಲ್ಲ. ಆ ಕಾರಣವನ್ನು ತಿಳಿಸಿಕೊಡುವುದು ನಮ್ಮ ಕೆಲಸ.

ಇನ್ನೊಂದು ಮುಖ್ಯಾಂಶ ನದಿಗಳದ್ದು. ನಂದಿ ಬೆಟ್ಟದ ಬಳಿ ಹುಟ್ಟುವ ಅರ್ಕಾವತಿ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ಜಲಾಶಯಗಳನ್ನು ದಾಟಿ ರಾಮನಗರ, ಕನಕಪುರದ ಕಡೆಯಿಂದ ಹರಿದು ಸಂಗಮದಲ್ಲಿ ಕಾವೇರಿ ಸೇರುತ್ತದೆ. ಚನ್ನಪಟ್ಟಣದ ಕಡೆಯ ಕಣ್ವ ಹೊಳೆ ಶಿಂಷಾ ನದಿಗೆ, ಶಿಂಷಾ ಕಾವೇರಿಗೆ. ಎಂದರೆ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಒಂದು ಜಲವಿಭಾಜಕ ಇದೆ. ಬಸ್ಸಿನಲ್ಲಿ ಹೋಗುವವರಿಗೆ ಅದು ತಿಳಿಯುವುದಿಲ್ಲ, ಸೈಕಲ್ ತುಳಿಯುವವರ ಮಂಡಿಗೆ ತಿಳಿಯುತ್ತದೆ.

ಪರಿಷ್ಕೃತ ಪಾಠ ಯೋಜನೆ

ತರಗತಿ: 9. ಅವಧಿ: 40 ನಿಮಿಷಗಳ ನಾಲ್ಕು ಅವಧಿ.

ಕಲಿಕಾ ಫಲಗಳು: ವಿದ್ಯಾರ್ಥಿಗಳು (1) ಪ್ರಮಾಣ ಬಳಸಿ ದಾರಿಯ ಉದ್ದ ಅಳೆಯುತ್ತಾರೆ, (2) ಸಮೋನ್ನತಿ ರೇಖೆಗಳಿಂದ ಏರು, ಇಳಿಜಾರು, ಕಣಿವೆಗಳನ್ನು ಗುರುತಿಸುತ್ತಾರೆ, (3) ಒಂದು ದಾರಿಯನ್ನು ಆರಿಸಿ, ಆಯ್ಕೆಗೆ ಕಾರಣ ಕೊಡುತ್ತಾರೆ.

ಸಾಮಗ್ರಿ: ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ಟೋಪೋಶೀಟಿನ ಪ್ರತಿ, ದಾರ, ಅಳತೆಪಟ್ಟಿ, ಪ್ಲಾಸ್ಟಿಕ್ ಟಬ್ಬು, ಜೇಡಿಮಣ್ಣು, ಬಿಂದಿಗೆ ನೀರು, ಶಾಲೆಯ ಅಂಗಳದಲ್ಲಿ ನಿಲ್ಲಿಸಿದ ಒಂದು ಸೈಕಲ್.

ಮೊದಲ ಅವಧಿ. ಟಬ್ಬಿನಲ್ಲಿ ಮಕ್ಕಳೇ ಮಣ್ಣಿನಿಂದ ಒಂದು ಗುಡ್ಡ, ಒಂದು ಕಣಿವೆ ಮಾಡಲಿ. ನೀರನ್ನು 2 ಸೆಂ.ಮೀ. ಎತ್ತರಕ್ಕೆ ತುಂಬಿ, ನೀರು ಮುಟ್ಟಿದ ಅಂಚನ್ನು ಕಡ್ಡಿಯಿಂದ ಗೀರಲಿ. ಮತ್ತೆ 2 ಸೆಂ.ಮೀ. ಏರಿಸಿ ಗೀರಲಿ. ನೀರು ಚೆಲ್ಲಿ ಮೇಲಿನಿಂದ ನೋಡಿದರೆ ಸಮೋನ್ನತಿ ರೇಖೆಗಳು ಕಾಣುತ್ತವೆ. ಕಡಿದಾದ ಕಡೆ ಗೆರೆಗಳು ಒತ್ತೊತ್ತಾಗಿರುತ್ತವೆ. ಕಣಿವೆಯಲ್ಲಿ ಗೆರೆ ಬಾಗಿ ಅದರ ಮೊನೆ ಹೊಳೆಯ ಮೇಲ್ಭಾಗದತ್ತ ತಿರುಗುತ್ತದೆ. ಈ ಎರಡನ್ನೂ ನಾವು ಹೇಳಬಾರದು, ಮಕ್ಕಳೇ ಕಂಡು ಹೇಳಬೇಕು.

ಎರಡನೇ ಅವಧಿ. ಟೋಪೋಶೀಟಿನಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಅಂಕುಡೊಂಕಾದ ದಾರಿಯ ಮೇಲೆ ದಾರ ಇಟ್ಟು ಅಳೆಯಲಿ. ಈ ನಕ್ಷೆಯಲ್ಲಿ ಎರಡು ಸಮೋನ್ನತಿ ರೇಖೆಗಳ ನಡುವಿನ ಎತ್ತರದ ಅಂತರ 20 ಮೀ. ಗುಡ್ಡದ ದಾರಿ 2 ಸೆಂ.ಮೀ.ಯೊಳಗೆ ಇಂಥ ಐದು ಅಂತರ ಏರಿದರೆ 1 ಕಿ.ಮೀ.ಗೆ 100 ಮೀ. ಏರಿದಂತಾಯಿತು, ಅಂದರೆ ಶೇ. 10ರ ಏರು. ಇನ್ನು ಸಮಯ. ಏರಿನ 1 ಕಿ.ಮೀ. ಸೈಕಲ್ ತಳ್ಳಿಕೊಂಡು ಗಂಟೆಗೆ 3 ಕಿ.ಮೀ. ವೇಗದಲ್ಲಿ ನಡೆದರೆ 20 ನಿಮಿಷ. ಉಳಿದ 2 ಕಿ.ಮೀ.ಗೆ ಗಂಟೆಗೆ 12 ಕಿ.ಮೀ.ಯಂತೆ 10 ನಿಮಿಷ. ಒಟ್ಟು 30 ನಿಮಿಷ. ಏರಿಯ ಸಮತಟ್ಟು ದಾರಿಯಲ್ಲಿ ಗಂಟೆಗೆ 11 ಕಿ.ಮೀ.ಯಂತೆ 5.5 ಕಿ.ಮೀ.ಗೂ 30 ನಿಮಿಷವೇ! ಈ ಲೆಕ್ಕ ಕಪ್ಪುಹಲಗೆಯ ಮೇಲೆ ಮುಗಿದಾಗ ತರಗತಿ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಎಲ್ಲರೂ ಆ ಹುಡುಗಿಯ ಕಡೆ ತಿರುಗಿದರು.

ಮೂರನೇ ಅವಧಿ. ವಿಜ್ಞಾನ ಶಿಕ್ಷಕರ ಜೊತೆಗೂಡಿ ನಡೆಸಬಹುದು. ಅಂಗಳದ ಸೈಕಲ್ಲಿನ ಪೆಡಲನ್ನು ಒಂದು ಸುತ್ತು ತಿರುಗಿಸಿ, ಸೈಕಲ್ ಎಷ್ಟು ದೂರ ಸಾಗುತ್ತದೆ ಎಂದು ಅಳೆಯಲಿ. ಗೇರಿಲ್ಲದ ಸಾಮಾನ್ಯ ಸೈಕಲ್ಲಿನಲ್ಲಿ ಅದು ಸುಮಾರು 5 ಮೀ. ಶೇ. 10ರ ಏರಿನಲ್ಲಿ ಒಂದು ಸುತ್ತಿಗೆ ಅರ್ಧ ಮೀಟರ್ ಮೇಲೇರಬೇಕು. ಮಗು, ಸೈಕಲ್, ಚೀಲ ಸೇರಿ 65 ಕೆ.ಜಿ. ಎಂದಿಟ್ಟುಕೊಂಡರೆ ಮಾಡಬೇಕಾದ ಕೆಲಸ 65 × 9.8 × 0.5, ಅಂದರೆ ಸುಮಾರು 318 ಜೂಲ್. ಪೆಡಲಿನ ಕೋಲು 17 ಸೆಂ.ಮೀ. ಇದ್ದರೆ ಪಾದ ಒಂದು ಸುತ್ತಿಗೆ ಸುಮಾರು 1.07 ಮೀ. ಚಲಿಸುತ್ತದೆ. ಭಾಗಿಸಿದರೆ ಸರಾಸರಿ ಬಲ ಸುಮಾರು 298 ನ್ಯೂಟನ್, 30 ಕೆ.ಜಿ. ತೂಕದ ಮೂಟೆಯನ್ನು ಬಿಡದೆ ಒತ್ತುತ್ತಿದ್ದ ಹಾಗೆ. ಪೆಡಲು ಮೇಲೆ, ಕೆಳಗೆ ಇರುವಾಗ ಒತ್ತಲು ಆಗದ್ದರಿಂದ ನಡುವೆ ಇದಕ್ಕಿಂತ ಬಹಳ ಹೆಚ್ಚು ಒತ್ತಬೇಕು. 45 ಕೆ.ಜಿ.ಯ ಮಗು ಪೆಡಲಿನ ಮೇಲೆ ಎದ್ದು ನಿಂತರೂ ಸಾಕಾಗದಿರಬಹುದು. ಇದು ಘರ್ಷಣೆ ಬಿಟ್ಟು ಮಾಡಿದ ಲೆಕ್ಕ. ಗರಸಿನಲ್ಲಿ ಉರುಳು ಘರ್ಷಣೆಯೂ ಸೇರುತ್ತದೆ. ಸಣ್ಣ ಗೇರಿನಲ್ಲಿ ಒಂದು ಸುತ್ತಿಗೆ 2.1 ಮೀ. ಮಾತ್ರ ಸಾಗುವ ಸೈಕಲ್ಲಿಗೆ ಸರಾಸರಿ 13 ಕೆ.ಜಿ.ಯಷ್ಟು ಒತ್ತಿದರೆ ಸಾಕು. ಏರಿನಲ್ಲಿ ಇಳಿದು ತಳ್ಳುವ ಮಗು ಸೋಮಾರಿಯಲ್ಲ, ದುರ್ಬಲವೂ ಅಲ್ಲ ಎಂಬುದು ಈ ಅವಧಿಯ ತಿರುಳು.

ನಾಲ್ಕನೇ ಅವಧಿ. ಮಕ್ಕಳು ನಾಲ್ವರ ಗುಂಪಿನಲ್ಲಿ ತಮ್ಮ ಮನೆಯಿಂದ ಶಾಲೆಗೆ ಇರುವ ದಾರಿಯ ನಕ್ಷೆ ಬರೆಯಲಿ. ಉದ್ದ, ಏರು, ನೆಲ, ನೀರು, ಜನವಸತಿ ಎಂಬ ಐದು ಕಾಲಂಗಳ ಕೋಷ್ಟಕ ತುಂಬಲಿ. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು ಎಂದು ಎರಡು ದಾರಿ ಆರಿಸಲಿ.

ಹೋಲಿಕೆಗೆ ನಾಲ್ಕು ತಾಲ್ಲೂಕಿನ ನಾಲ್ಕು ದಾರಿ

ಮಾಗಡಿ – ಸಾವನದುರ್ಗ – ಮಂಚನಬೆಲೆ: 1,226 ಮೀ. ಎತ್ತರದ ಸಾವನದುರ್ಗದ ಕರಿಗುಡ್ಡ, ಬಿಳಿಗುಡ್ಡಗಳ ಸುತ್ತ ಸಮೋನ್ನತಿ ರೇಖೆಗಳು ಒಂದರ ಮೇಲೊಂದು ಬಿದ್ದಂತಿರುತ್ತವೆ. ದಾರಿಗಳು ಬಂಡೆಯನ್ನು ಸುತ್ತುತ್ತವೆಯೇ ಹೊರತು ಹತ್ತುವುದಿಲ್ಲ ಏಕೆ ಎಂದು ಕೇಳಲು ಒಳ್ಳೆಯ ಉದಾಹರಣೆ.

ರಾಮನಗರ – ಚನ್ನಪಟ್ಟಣ: ಜಲವಿಭಾಜಕಕ್ಕೆ ಉದಾಹರಣೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಹಾಗಾದರೆ ರೇಷ್ಮೆಗೂಡು ತುಂಬಿದ ಚೀಲವನ್ನು ಬೈಕಿಗೆ ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟ ರೈತ ಯಾವ ದಾರಿ ಹಿಡಿಯಬೇಕು? ನಕ್ಷೆಯಲ್ಲಿ ಹುಡುಕಲಿ.

ಚನ್ನಪಟ್ಟಣ – ಕಣ್ವ ಜಲಾಶಯ: ಕಣಿವೆಯ ಗುಂಟ ಸಾಗುವ ದಾರಿ. ತೆಂಗು, ಹಿಪ್ಪುನೇರಳೆ ತೋಟಗಳ ನಡುವೆ ಏರು ಕಡಿಮೆ. ದಾರಿ ಬಳಿಯ ಹಳ್ಳಿಗಳು ಎಲ್ಲಿ ನೆಲೆಸಿವೆ, ಏಕೆ ಎಂದು ಚರ್ಚಿಸಬಹುದು.

ಕನಕಪುರ – ಸಂಗಮ: ಇದು ನಕ್ಷೆಯ ಮೇಲೆ ಮಾತ್ರ ಮಾಡುವ ಪಯಣ. ಸಂಗಮದ ಸುತ್ತ ಕಾವೇರಿ ವನ್ಯಜೀವಿಧಾಮ, ಆನೆಗಳ ನೆಲೆ. ನಕ್ಷೆಯಲ್ಲಿ ದಾರಿ ಇದ್ದ ಮಾತ್ರಕ್ಕೆ ಅದು ಎಲ್ಲರಿಗೂ, ಎಲ್ಲ ಹೊತ್ತಿಗೂ ತೆರೆದ ದಾರಿಯಲ್ಲ ಎಂದು ಕಲಿಸಲು ಇದೇ ಸರಿಯಾದ ಪಾಠ.

ಮುನ್ನೆಚ್ಚರಿಕೆ

ಕ್ಷೇತ್ರ ವೀಕ್ಷಣೆ ಶಾಲೆಯಿಂದ 2 ಕಿ.ಮೀ.ಯೊಳಗೆ ಇರಲಿ, ಮುಖ್ಯ ಶಿಕ್ಷಕರ ಮತ್ತು ಪಾಲಕರ ಒಪ್ಪಿಗೆ ಬರಹದಲ್ಲಿರಲಿ. ಕ್ವಾರಿ ಲಾರಿಗಳು ಓಡಾಡುವ ರಸ್ತೆ ಬೇಡ. ಕೆರೆ, ಜಲಾಶಯದ ನೀರಿಗೆ ಯಾರೂ ಇಳಿಯಬಾರದು. ರಾಮದೇವರ ಬೆಟ್ಟ 2012ರಿಂದ ಉದ್ದ ಕೊಕ್ಕಿನ ರಣಹದ್ದುಗಳ ಸಂರಕ್ಷಿತ ಧಾಮ. ಅಲ್ಲಿ ಗದ್ದಲ ಸಲ್ಲದು. ಮಳೆಗಾಲದಲ್ಲಿ ಹಳ್ಳದ ದಾರಿಯನ್ನು ನಂಬಬೇಡಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯ ಮೇಲೇ ನೀರು ನಿಂತಿತ್ತು ಎಂಬುದನ್ನು ಮಕ್ಕಳೇ ನೆನಪಿಸುತ್ತಾರೆ.

ಮೌಲ್ಯಮಾಪನ

‘ಹತ್ತಿರದ ದಾರಿ ಯಾವುದು?’ ಎಂಬ ಪ್ರಶ್ನೆಯನ್ನು ಹೀಗೆ ತಿದ್ದಿದೆವು: ‘ಜೂನ್ ತಿಂಗಳಲ್ಲಿ ಸೈಕಲ್ಲಿನಲ್ಲಿ ಶಾಲೆಗೆ ಬರಲು ನೀನು ಯಾವ ದಾರಿ ಆರಿಸುತ್ತೀ? ನಕ್ಷೆಯಿಂದ ಎರಡು, ನಿನ್ನ ಅನುಭವದಿಂದ ಒಂದು ಕಾರಣ ಕೊಡು.’ ಆಯ್ಕೆಗೆ ಅಂಕವಿಲ್ಲ, ಮೂರು ಕಾರಣಕ್ಕೆ ಮೂರು ಅಂಕ. ಗುಡ್ಡದ ದಾರಿ ಆರಿಸಿದ ಹುಡುಗನೊಬ್ಬ, ‘ಬರುವಾಗ ತಳ್ಳುತ್ತೇನೆ, ಆದರೆ ಆ ಕಡೆ ನಮ್ಮ ಹೊಲ ಇದೆ, ಅಪ್ಪನಿಗೆ ತಿಂಡಿ ಕೊಟ್ಟು ಬರಬಹುದು’ ಎಂದು ಬರೆದ. ಅವನಿಗೂ ಪೂರ್ಣ ಅಂಕ ಸಿಕ್ಕಿತು, ನಕ್ಷೆಯ ಕಾರಣಗಳನ್ನೂ ಸರಿಯಾಗಿ ಬರೆದಿದ್ದ.

ಪರಾಮರ್ಶೆ

ಪ್ರಶಿಕ್ಷಣಾರ್ಥಿ ಹುಡುಗಿಯ ಪುಸ್ತಕ ತರಿಸಿ, ಅಡ್ಡಗೆರೆಯ ಪಕ್ಕದಲ್ಲಿ ‘ನಿನ್ನ ಉತ್ತರ ಸರಿ, ನನ್ನ ಪ್ರಶ್ನೆ ಅರ್ಧ’ ಎಂದು ಬರೆದು ಸಹಿ ಮಾಡಿದರು. ತರಗತಿಯ ಮುಂದೆ ಅದನ್ನು ಹೇಳಲು ಅವರಿಗೆ ಅಳುಕಿತ್ತು, ಶಿಸ್ತು ಹೋದೀತು ಎಂಬ ಭಯ. ಶಿಸ್ತು ಹೋಗಲಿಲ್ಲ, ಮರುದಿನದಿಂದ ಕೈಯೆತ್ತುವ ಮಕ್ಕಳ ಸಂಖ್ಯೆ ಹೆಚ್ಚಿತು. ನಾನು ನನ್ನ ವೀಕ್ಷಣಾ ನಮೂನೆಯ ಕೊನೆಗೆ ಕೈಬರಹದಲ್ಲಿ ಒಂದು ಕಾಲಂ ಸೇರಿಸಿಕೊಂಡಿದ್ದೇನೆ: ‘ತಪ್ಪು ಎಂದು ಗುರುತಿಸಿದ ಉತ್ತರಕ್ಕೆ ಕಾರಣ ಕೇಳಲಾಯಿತೇ?’

ಚರ್ಚೆಗೆ

1. ನಿಮ್ಮ ಅಭ್ಯಾಸ ಶಾಲೆಯ ಮಕ್ಕಳು ಯಾವ ದಾರಿಯಲ್ಲಿ ಬರುತ್ತಾರೆ? ಒಂದು ದಿನ ಅವರ ಜೊತೆ ಬಂದು ನಕ್ಷೆ ಬರೆಯಿರಿ.

2. ಒಂದೇ ಸರಿ ಉತ್ತರವಿರುವ ಪ್ರಶ್ನೆ ಯಾವಾಗ ಬೇಕು, ಯಾವಾಗ ಬೇಡ? ನಿಮ್ಮ ವಿಷಯದಿಂದ ತಲಾ ಒಂದು ಉದಾಹರಣೆ ಕೊಡಿ.

3. ಸಮತಟ್ಟು ಸೀಮೆಯ ಶಾಲೆಯಲ್ಲಿ ಈ ಪಾಠವನ್ನು ಹೇಗೆ ಬದಲಿಸುವಿರಿ? ಏರಿನ ಬದಲು ಯಾವ ಅಂಶವನ್ನು ಅಳೆಯುವಿರಿ?