ಕಟ್ಟುವವರ ಲೆಕ್ಕ, ಕೊಟ್ಟವರ ಲೆಕ್ಕ

2025ರ ಜನವರಿಯಲ್ಲಿ ನಂಜನಗೂಡು, ತಿ. ನರಸೀಪುರ ಕಡೆಯ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್‌ನವರ ಕಾಟಕ್ಕೆ ಹೆದರಿ ಜನ ಮನೆಗೆ ಬೀಗ ಜಡಿದು ಊರು ಬಿಟ್ಟರು. ಆಗ ಪೇಟೆಯವರು ಆಡಿದ ಮಾತು, ‘ಇವರಿಗೆ ದುಡ್ಡಿನ ತಿಳಿವಳಿಕೆಯಿಲ್ಲ’ ಎಂದು. ನಾನು ಒಪ್ಪುವುದಿಲ್ಲ. ವಾರವಾರ ಕಂತು ಕಟ್ಟಿ ಕಾರ್ಡಿನಲ್ಲಿ ಸಹಿ ಹಾಕಿಸಿಕೊಳ್ಳುವ ಹೆಂಗಸಿಗೆ ಲೆಕ್ಕ ಬಾರದೆಂದು ಹೇಳುವುದು ಹೇಗೆ? ಒಂದು ಸಂಘದ ಲೆಕ್ಕ ಅವಳ ಬೆರಳ ತುದಿಯಲ್ಲಿರುತ್ತದೆ. ಎಡವುವುದು ಮೂರು ಸಂಘಗಳ ಕಂತು ಒಟ್ಟಿಗೆ ಕೂಡಿದಾಗ. 50,000 ರೂಪಾಯಿ ಸಾಲ, ಇಳಿಯುವ ಅಸಲಿನ ಮೇಲೆ ವರ್ಷಕ್ಕೆ ಶೇ 24 ಬಡ್ಡಿ, 24 ತಿಂಗಳು ಎಂದಿಟ್ಟುಕೊಳ್ಳಿ: ತಿಂಗಳ ಕಂತು ಸುಮಾರು 2,640. ಇಂಥವು ಮೂರಾದರೆ 7,900 ದಾಟುತ್ತದೆ. ಮನೆಮಂದಿಯೆಲ್ಲ ದುಡಿದು ತರುವುದು 15,000 ಆದರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು.

ಈ ‘ಅರ್ಧ’ ನನ್ನ ಅಂದಾಜಲ್ಲ. ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ 50 ಮೀರಬಾರದೆಂದು ಆರ್‌ಬಿಐ 2022ರಲ್ಲೇ ಹೇಳಿದೆ. ನೋಡಿಕೊಳ್ಳಬೇಕಾದ ಹೊಣೆ ಸಾಲ ಕೊಡುವವರದು. ಹಾಗಿರುವಾಗ ಆರ್ಥಿಕ ಸಾಕ್ಷರತೆಯ ಪಾಠವನ್ನು ಬರೀ ಪಡೆದವರಿಗೆ ಮಾಡುವುದು ಅನ್ಯಾಯ. ‘ಅವರೇ ತಾನೆ ಸುಳ್ಳು ಹೇಳಿ, ಇನ್ನೊಬ್ಬರ ಹೆಸರಲ್ಲಿ ಸಾಲ ಎತ್ತಿದ್ದು?’ ಎಂದು ಕೇಳುವವರಿದ್ದಾರೆ. ಹಾಗೆ ಎತ್ತಿದವರು ಇದ್ದಾರೆ, ನಿಜ. ಆದರೆ ಸಾಲ ಮಂಜೂರಾಗುವ ಮುನ್ನ ಹಳೆಯ ಸಾಲಗಳನ್ನು ತೋರಿಸುವ ಕ್ರೆಡಿಟ್ ಬ್ಯೂರೋ ವರದಿ ತೆರೆದು ನೋಡುವುದು ಯಾರ ಕೆಲಸ?

ಇನ್ನೊಂದು ತೊಡಕು ಗುಂಪು ಜಾಮೀನಿನದು. ಒಬ್ಬಳು ತಪ್ಪಿದರೆ ಉಳಿದವರು ತುಂಬಬೇಕು. ಒಬ್ಬಳು ಕಾಯಿಲೆ ಬಿದ್ದಾಗ ಇದು ನಡೆಯುತ್ತದೆ. ಆದರೆ ಒಂದೇ ನಾಲೆ, ಒಂದೇ ಭತ್ತ, ಒಂದೇ ಕೂಲಿಯನ್ನು ನಂಬಿದ ಊರಿನಲ್ಲಿ ಕಷ್ಟ ಸರದಿ ಪ್ರಕಾರ ಬರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಜಾಮೀನು ನಿಂತವಳ ಕೈಯೂ ಬರಿದು.

2025ರ ಫೆಬ್ರುವರಿ 12ರಂದು ರಾಜ್ಯಪಾಲರ ಒಪ್ಪಿಗೆ ಪಡೆದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಅದನ್ನೇ ಸಾಲಮನ್ನಾ ಎಂದುಕೊಂಡವರಿದ್ದಾರೆ. ಆರ್‌ಬಿಐನಲ್ಲಿ ನೋಂದಾಯಿಸಿದ ಸಂಸ್ಥೆಯ ಸಾಲ ಅದರಿಂದ ಹೋಗುವುದಿಲ್ಲ. ಹಾಗಾಗಿ ಕಂತು ನಿಲ್ಲಿಸುವ ಮುನ್ನ ಸಂಸ್ಥೆಗೆ ಬರವಣಿಗೆಯಲ್ಲಿ ಅವಧಿ ವಿಸ್ತರಣೆ ಕೇಳಿ, ಪ್ರತಿ ಇಟ್ಟುಕೊಳ್ಳಿ. ಏಜೆಂಟರ ಕಾಟವಿದ್ದರೆ ಅದನ್ನೂ ಬರೆದುಕೊಡಿ. ಆ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ. ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು.