ಛತ್ರದವನ ಕೈಗೆ ಕೊಟ್ಟ ಎರಡು ನಾಣ್ಯ



ಒಳ್ಳೆಯ ಸಮಾರಿಯದವನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿ, ಛತ್ರಕ್ಕೆ ಕರೆತಂದ ಎನ್ನುವಲ್ಲಿಗೆ ನಾವು ಗುರುಗಳು ಸಾಮಾನ್ಯವಾಗಿ ಪ್ರಬೋಧನೆ ಮುಗಿಸಿಬಿಡುತ್ತೇವೆ. ಮರುದಿನ ನಡೆದದ್ದನ್ನು ಸಂತ ಲೂಕ ಬಿಟ್ಟಿಲ್ಲ. ಹೊರಡುವ ಮುನ್ನ ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ, ಅಂದರೆ ಅಂದಿನ ಎರಡು ದಿನದ ಕೂಲಿ, ಕೊಟ್ಟ. ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದ. ಎಣ್ಣೆಗೆ ಇಷ್ಟು, ಬಟ್ಟೆಗೆ ಇಷ್ಟು ಎಂದು ಪಟ್ಟಿ ಬರೆಸಲಿಲ್ಲ. ರಾತ್ರಿಯೆಲ್ಲ ಗಾಯಾಳುವಿನ ಮಗ್ಗುಲಲ್ಲಿ ಎಚ್ಚರವಾಗಿರಬೇಕಾದವನು ಛತ್ರದವನು. ಏನು ಬೇಕೆಂಬುದು ಅವನಿಗೇ ಗೊತ್ತು.

ನಾವು ಕೊಡುವುದು ಹೀಗೆಯೇ? ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ದೊಡ್ಡಬಳ್ಳಾಪುರದ ಒಂದು ಕೇರಿಯಲ್ಲಿ ಮಗ್ಗದ ಕೂಲಿಕಾರರ ಮಕ್ಕಳಿಗೆ ಸಂಜೆ ಪಾಠ ಹೇಳುವ ಟೀಚರ್ ಒಬ್ಬರಿದ್ದಾರೆ. ಇಬ್ಬರು ಹುಡುಗಿಯರನ್ನು ಜೊತೆಗಿಟ್ಟುಕೊಂಡು ಪುಟ್ಟ ಸಂಘ ನಡೆಸುತ್ತಾರೆ. ಒಂದು ವರ್ಷ ಧರ್ಮಕೇಂದ್ರದಲ್ಲಿ ಕೂಡಿದ ಹಣವನ್ನು ಅವರಿಗೆ ಕೊಡುವುದೆಂದಾಯಿತು. "ಫಾದರ್, ಮೂರು ತಿಂಗಳ ಬಾಡಿಗೆ ನಿಂತಿದೆ. ಹುಡುಗೀರಿಗೂ ಸಂಬಳ ಕೊಟ್ಟಿಲ್ಲ" ಎಂದರು. "ನೋಡಮ್ಮ, ಬಾಡಿಗೆಗೆ ಅಂದರೆ ನಮ್ಮ ಜನ ಒಪ್ಪೋದಿಲ್ಲ. ಕಣ್ಣಿಗೆ ಕಾಣುವಂಥದ್ದು ಏನಾದರೂ ಹೇಳಿ" ಎಂದೆ. ಕೊನೆಗೆ ಒಂದು ಕಂಪ್ಯೂಟರ್ ಕೊಡಿಸಿ, ದಾನಿಗಳ ಹೆಸರು ಅಂಟಿಸಿ, ಫೋಟೊ ತೆಗೆಸಿಕೊಂಡೆವು. ಎರಡೇ ತಿಂಗಳಲ್ಲಿ ಟೀಚರ್ ಆ ಕೋಣೆ ಖಾಲಿ ಮಾಡಬೇಕಾಯಿತು. ಕಂಪ್ಯೂಟರ್ ಅವರ ಮನೆಯ ಮಂಚದ ಕೆಳಗೆ ಸೇರಿತು. ಬೆಳಕೇ ಬಾರದಷ್ಟು ದೊಡ್ಡದಾಗಿ ಟ್ಯೂಬ್‌ಲೈಟಿನ ಮೇಲೆ ಹೆಸರು ಬರೆಸುವವರನ್ನು ಕಂಡು ನಗುತ್ತಿದ್ದವನು ನಾನು!

ನಂಬಿ ಕೊಟ್ಟರೆ ಏನಾದೀತು ಎಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿ ಇದೆ. ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಹುಟ್ಟಿದ ಬೆಂಗಳೂರಿನ ಮೈರಾಡ ಸಂಸ್ಥೆ ಮುಂದೆ ಹಳ್ಳಿಯ ಬಡವರ ನಡುವೆ ಕೆಲಸಕ್ಕಿಳಿಯಿತು. 1980ರ ದಶಕದ ಮಧ್ಯದಲ್ಲಿ ಅದು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಬಿರುಕುಬಿಟ್ಟವು. ಸಾಲ ಪಡೆದಿದ್ದವರು ಚಿಕ್ಕ ಗುಂಪುಗಳಾಗಿ ಬಂದು, ಹಣ ಹಿಂದಿರುಗಿಸುತ್ತೇವೆ, ಆದರೆ ಒಬ್ಬರ ಹಿಡಿತದಲ್ಲಿರುವ ಸಂಘಕ್ಕಲ್ಲ ಎಂದರು. ಹಾಗಾದರೆ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದಿತು ಮೈರಾಡ. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಗುಂಪು ಉಳಿಸಿದ್ದಕ್ಕೆ ಜೊತೆಯಾಗಿ ಹಣ. ಯಾರಿಗೆ, ಯಾತಕ್ಕೆ ಸಾಲವೆಂಬುದು ಗುಂಪಿನದೇ ತೀರ್ಮಾನ. ಅದುವರೆಗೆ ಬಡವರಿಗೆ ಬ್ಯಾಂಕಿನ ಸಾಲವೆಂದರೆ ಎಮ್ಮೆಗೆ, ಕುರಿಗೆ ಎಂದು ಮೊದಲೇ ಗೊತ್ತುಮಾಡಿದ್ದು. ಮಗುವಿಗೆ ಜ್ವರ ಬಂದರೆ ಎಮ್ಮೆ ಏನು ಮಾಡೀತು? ಗುಂಪಿನವರು ಔಷಧಕ್ಕೂ, ಕಾಳುಕಡ್ಡಿಗೂ, ಸಾಹುಕಾರನ ಬಡ್ಡಿ ತೀರಿಸುವುದಕ್ಕೂ ಕೊಟ್ಟುಕೊಂಡರು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸಲು ಮುಂದಾಯಿತು. 2000-01ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಸ್ತ್ರೀಶಕ್ತಿ ಸಂಘಗಳೂ ಇದೇ ದಾರಿಯವು. ನೆಲಮಂಗಲ, ಹೊಸಕೋಟೆಯ ಹಳ್ಳಿಗಳಲ್ಲಿ ಲೆಕ್ಕದ ಪುಸ್ತಕ ಹಿಡಿದು ಕೂರುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಟೀಚರಂಥ ಸಂಘ ನಡೆಸುವವರಿಗೆ ಈ ನಂಬಿಕೆ ಸುಲಭವಾಗಿ ದೊರೆಯುವುದಿಲ್ಲ. ಅಮೆರಿಕದ ಮೆಕೆಂಝಿ ಸ್ಕಾಟ್ ಎಂಬ ಮಹಿಳೆ 2021ರ ಜೂನ್‌ನಲ್ಲಿ, ನಮ್ಮ ದೇಶದ ಗೂಂಜ್ ಸೇರಿದಂತೆ 286 ಸಂಸ್ಥೆಗಳಿಗೆ ಸುಮಾರು 274 ಕೋಟಿ ಡಾಲರ್ ಕೊಟ್ಟು, ಬಳಸುವ ಬಗೆಯನ್ನು ಅವರಿಗೇ ಬಿಟ್ಟರು. ಅಂಥ ಹಣ ನಮ್ಮ ಕೇರಿಗಳವರೆಗೆ ಹರಿದು ಬರುವುದು ಕಷ್ಟ. 2020ರಲ್ಲಿ ತಿದ್ದುಪಡಿಯಾದ ವಿದೇಶಿ ದೇಣಿಗೆ ಕಾಯಿದೆಯಂತೆ, ಹೊರದೇಶದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇಕಡಾ 50ರಿಂದ 20ಕ್ಕೆ ಇಳಿಯಿತು. ಛತ್ರದ ದೀಪದ ಎಣ್ಣೆಗೆ ನೆರೆಹೊರೆಯವರಾದ ನಾವೇ ಗತಿ.

"ಫಾದರ್, ನಂಬಿ ಕೆಟ್ಟವರೂ ಇದ್ದಾರಲ್ಲ?" ಎಂದು ಕೇಳುವಿರಿ. ಇದ್ದಾರೆ. ಹನ್ನೆರಡು ಮಂದಿಯಲ್ಲಿ ಹಣದ ಚೀಲ ಇದ್ದದ್ದು ಯೂದನ ಬಳಿ. ಸಂತ ಪೌಲರೂ ಜೆರುಸಲೇಮಿನ ಬಡವರಿಗೆ ಹಣ ಕಳುಹಿಸುವಾಗ, ಯಾರೂ ಬೆರಳು ತೋರಿಸದಿರಲೆಂದು ತೀತನ ಜೊತೆ ಎಲ್ಲರ ಮೆಚ್ಚುಗೆ ಗಳಿಸಿದ್ದ ಸಹೋದರನೊಬ್ಬನನ್ನು ಕಳುಹಿಸಿದರು (2 ಕೊರಿಂಥ, 8ನೇ ಅಧ್ಯಾಯ). ಲೆಕ್ಕ ಬೇಡವೆಂದು ಯಾರೂ ಹೇಳುತ್ತಿಲ್ಲ. ಕೊಟ್ಟ ಮೇಲೆ ಲೆಕ್ಕ ಕೇಳುವುದು ಬೇರೆ, ಕೊಡುವ ಮೊದಲೇ ಕೈ ಕಟ್ಟಿಹಾಕುವುದು ಬೇರೆ. ಪರೀಕ್ಷೆಯ ಶ್ರಮ ಕೊಡುವವನದಾಗಿರಲಿ: ನಾಲ್ಕು ಸಂಜೆ ಹೋಗಿ ಆ ಪಾಠದ ಕೋಣೆಯಲ್ಲಿ ಕೂರಿ, ಮಕ್ಕಳ ತಾಯಂದಿರನ್ನು ಮಾತನಾಡಿಸಿ. ಮನಸ್ಸಿಗೆ ಒಪ್ಪಿದರೆ ಕೊಡಿ. ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆಂದು ಹೇಳಿ ಕೊಡಿ. ಹಾಗೆ ಹೇಳಿದರೆ ಮಾತ್ರ ಹುಡುಗಿಯರು ಬೇರೆ ಕೆಲಸ ಹುಡುಕದೆ ನಿಲ್ಲುತ್ತಾರೆ.

ಮರುವರ್ಷ ನಾವು ಟೀಚರಿಗೆ ಕೊಟ್ಟದ್ದು ಒಂದು ಲಕೋಟೆ. ಯಾವುದಕ್ಕೆಂದು ಹೇಳಲಿಲ್ಲ. ಈಸ್ಟರ್ ಕಳೆದು ಎರಡು ವಾರಕ್ಕೆ, ಕೇಳದಿದ್ದರೂ, ನೋಟ್‌ಬುಕ್ ಹಿಡಿದು ಬಂದರು. ಹೊಸ ಕೋಣೆಯ ಮುಂಗಡ, ಹುಡುಗಿಯರ ಸಂಬಳ, ಕರೆಂಟ್ ಬಿಲ್, ಕಂಪ್ಯೂಟರಿಗೆ ಒಂದು ಮೇಜು. ಕೊನೆಯ ಸಾಲನ್ನು ತೋರಿಸಲು ಸ್ವಲ್ಪ ಸಂಕೋಚಪಟ್ಟರು: ಟೀಚರ್ ಕನ್ನಡಕ ರಿಪೇರಿ, 180 ರೂಪಾಯಿ. ಒಂದೂವರೆ ವರ್ಷದಿಂದ ಒಡೆದ ಕನ್ನಡಕದಲ್ಲೇ ಪಾಠ ಹೇಳುತ್ತಿದ್ದರಂತೆ.