ಅಸೃಜ್: ರಕ್ತಧಾತುವಿನ ಮಿತಿ ಮತ್ತು ರಕ್ತದ ಕ್ಯಾನ್ಸರ್

ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳಲ್ಲಿ ಎರಡನೆಯದಾದ ರಕ್ತಕ್ಕೆ ಸಂಸ್ಕೃತದಲ್ಲಿ ‘ಅಸೃಜ್’ ಎಂಬ ಹೆಸರೂ ಉಂಟು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಡಾ. ಮನೀಷಾ ಇನಾಮದಾರ್ ಮತ್ತು ಅವರ ಸಂಗಡಿಗರು ತಾವು ಅಭ್ಯಸಿಸಿದ ಒಂದು ಪ್ರೋಟೀನಿಗೆ ಇದೇ ಹೆಸರನ್ನಿಟ್ಟರು. ರಕ್ತದ ಕ್ಯಾನ್ಸರನ್ನು ಅರಿಯಲು ಅವರ ಸಂಶೋಧನೆ ದಾರಿ ತೋರುತ್ತದೆ.

ರಕ್ತದ ಕಣಗಳೆಲ್ಲವೂ ಮೂಳೆಯೊಳಗಿನ ಮಜ್ಜೆಯಲ್ಲಿರುವ ಆಕರಕೋಶಗಳಿಂದ ಹುಟ್ಟುತ್ತವೆ. ಈ ಕೋಶಗಳು ಬಹುಪಾಲು ವಿಶ್ರಾಂತಿಯಲ್ಲಿದ್ದು, ಅಗತ್ಯವಾದಾಗ ಮಾತ್ರ ವಿಭಜನೆಗೊಳ್ಳುತ್ತವೆ. ‘ಬೆಳೆ’, ‘ನಿಲ್ಲು’ ಎಂಬ ಸಂದೇಶಗಳನ್ನು ಕೋಶದೊಳಗೆ ಪ್ರೋಟೀನುಗಳು ಒಂದರಿಂದೊಂದಕ್ಕೆ ದಾಟಿಸುತ್ತವೆ. ಶಹಾಪುರ, ಸುರಪುರದ ರೈತರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಗೇಟನ್ನು ತೆರೆಯುವುದು ಎಷ್ಟು ಮುಖ್ಯವೋ ಮುಚ್ಚುವುದೂ ಅಷ್ಟೇ ಮುಖ್ಯ. ಮುಚ್ಚದಿದ್ದರೆ ಹೊಲ ಜವಳು ಹಿಡಿಯುತ್ತದೆ.

2019ರಲ್ಲಿ ‘ಬ್ಲಡ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಸೃಜ್ ಇಲ್ಲದ ಇಲಿಗಳನ್ನು ಈ ತಂಡವು ಪರೀಕ್ಷಿಸಿತು. ಆ ಇಲಿಗಳು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದವು. ಆದರೆ 6 ತಿಂಗಳು ತುಂಬುವ ವೇಳೆಗೆ ಅವುಗಳ ರಕ್ತಕಣಗಳ ಸಂಖ್ಯೆ ಏರಿತು, ಪ್ಲೀಹ ಊದಿತು, ಮಜ್ಜೆಯಲ್ಲಿ ಆಕರಕೋಶಗಳು ಹೆಚ್ಚಿದವು. ಕೋಶವನ್ನು ಕಾಯುವ ‘ಪಿ-53’ ಎಂಬ ಪ್ರೋಟೀನು ಅಕಾಲದಲ್ಲಿ ನಾಶವಾಗುತ್ತಿದ್ದುದು ಕಂಡುಬಂದಿತು. ಬೆಳವಣಿಗೆಯ ಸಂದೇಶವು ಬಲಗೊಂಡು, ತಡೆಯುವ ಕಾವಲುಗಾರನೇ ಇಲ್ಲವಾದ ಸ್ಥಿತಿಯಿದು. ಮನುಷ್ಯರ ಹಲವು ಬಗೆಯ ರಕ್ತದ ಕ್ಯಾನ್ಸರುಗಳಲ್ಲಿಯೂ ಅಸೃಜ್‌ನ ಪ್ರಮಾಣ ಏರುಪೇರಾಗಿರುತ್ತದೆ.

ಇಂತಹ ತಿಳಿವಳಿಕೆಯಿಂದಲೇ ಔಷಧ ಹುಟ್ಟುತ್ತದೆ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಸದಾ ‘ಬೆಳೆ’ ಎನ್ನುವ ವಿಕೃತ ಪ್ರೋಟೀನೊಂದು ರೂಪುಗೊಳ್ಳುತ್ತದೆ. ಅದನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಂದಿನಿಂದ ಈ ರೋಗದ ಬಹುಪಾಲು ರೋಗಿಗಳು ನಿತ್ಯ ಮಾತ್ರೆ ಸೇವಿಸುತ್ತ, ತಮ್ಮ ಕಾಯಕ ಮಾಡಿಕೊಂಡು ದೀರ್ಘಕಾಲ ಬಾಳುತ್ತಿದ್ದಾರೆ. ಗುಣವಾಯಿತೆಂದು ತಾವೇ ಮಾತ್ರೆ ನಿಲ್ಲಿಸಿದರೆ ರೋಗ ಮರಳಬಹುದು.

ಭಕ್ತರು ಗಮನಿಸಬೇಕಾದುದು ಇಷ್ಟು. ರಕ್ತದ ಕ್ಯಾನ್ಸರು ಆರಂಭದಲ್ಲಿ ಪಾಂಡುರೋಗದಂತೆಯೋ ಪ್ಲೀಹೋದರದಂತೆಯೋ ತೋರುತ್ತದೆ. ಬಿಡದ ಜ್ವರ, ಬಿಳಿಚಿದ ಮುಖ, ಒಸಡಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ, ಎಡಪಕ್ಕೆಯ ಕೆಳಗೆ ಭಾರ, ಕಾರಣವಿಲ್ಲದೆ ಇಳಿಯುವ ತೂಕ ಇವು ಕಂಡಾಗ ‘ರಕ್ತ ಕಡಿಮೆಯಾಗಿದೆ’ ಎಂದು ಲೋಹಭಸ್ಮ, ಟಾನಿಕ್‌ಗಳಲ್ಲಿ ತಿಂಗಳುಗಳನ್ನು ಕಳೆಯಬಾರದು. ಮೊದಲು ರಕ್ತಕಣಗಳ ಎಣಿಕೆ ಮಾಡಿಸಬೇಕು. ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯರನ್ನು ಕಂಡರೆ, ಅಗತ್ಯವಿದ್ದಲ್ಲಿ ಅವರು ಮುಂದಿನ ದಾರಿ ತೋರುತ್ತಾರೆ. ಕಿದ್ವಾಯಿ ಗಂಥಿ ಸಂಸ್ಥೆಯ ಶಾಖೆ ಸಮೀಪದ ಕಲಬುರಗಿಯಲ್ಲಿಯೇ ಇದೆ.

ಆಯುರ್ವೇದ ವೈದ್ಯನಾಗಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರಕ್ತದ ಕ್ಯಾನ್ಸರಿಗೆ ಇಮ್ಯಾಟಿನಿಬ್ ಅಥವಾ ಕೀಮೋಥೆರಪಿಯ ಬದಲಾಗಿ ನಿಲ್ಲಬಲ್ಲ ಕಷಾಯವಾಗಲೀ ಭಸ್ಮವಾಗಲೀ ನಮ್ಮಲ್ಲಿ ಇಲ್ಲ. ಪಥ್ಯಾಹಾರ, ನಿದ್ರೆ, ಮನಃಶಾಂತಿಗಳಿಗೆ ನಮ್ಮ ಶಾಸ್ತ್ರದ ನೆರವನ್ನು ಪಡೆಯಬಹುದು. ಆದರೆ ಚಿಕಿತ್ಸೆಯ ಕಾಲದಲ್ಲಿ ಯಾವುದೇ ಗಿಡಮೂಲಿಕೆಯನ್ನು ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಸೇವಿಸಬಾರದು. ರೋಗವನ್ನು ಕಾಲದಲ್ಲಿ ಗುರುತಿಸಿ, ತಕ್ಕ ವೈದ್ಯರ ಬಳಿಗೆ ಕಳುಹಿಸುವುದೂ ವೈದ್ಯನ ಧರ್ಮವೇ.